ಕಮಾನುಗಾಡಿಯ ಬೇಸಿಗೆ

ಮೊನ್ನೆ ಮೊಮ್ಮಗಳು ಉಪ್ಪಿನಕಾಯಿಗೆಂದು ವಿನೆಗರ್ ಸೀಸೆಯ ಮುಚ್ಚಳ ತೆಗೆದಳು. ನಾನು ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ನನ್ನ ಕೈ ನಿಂತುಹೋಯಿತು. ಅವಳಿಗೆ ಅದು ಅಡುಗೆಮನೆಯ ವಾಸನೆ, ನನಗೆ ನಮ್ಮವರ ಅಂಗಿಯ ವಾಸನೆ. ಫೋಟೋದ ಗಾಜಿನ ಪ್ಲೇಟುಗಳನ್ನು ತೊಳೆಯುವಾಗ ನಡುವೆ ಒಂದು ಸಲ ಹುಳಿನೀರಿನಲ್ಲಿ ಅದ್ದುತ್ತಿದ್ದರು. ಎಷ್ಟು ಸಲ ಒಗೆದರೂ ತೋಳಿನ ತುದಿಯಿಂದ ಆ ವಾಸನೆ ಹೋಗುತ್ತಿರಲಿಲ್ಲ. "ಏನಜ್ಜಿ, ಘಾಟು ಏರ್ತಾ?" ಎಂದಳು ಮೊಮ್ಮಗಳು. ಹೌದು ಅಂದೆ. ಏರಿದ್ದು ನಿಜ. ನಾವು ಗಾಡಿಯಲ್ಲೇ ಸಂಸಾರ ಮಾಡಿದ ಆ ಒಂದು ಬೇಸಿಗೆ ಪೂರ್ತಿ ತಲೆಗೆ ಏರಿತ್ತು.

ಆಗ ಯುದ್ಧದ ಕಾಲ. ಚಿಕ್ಕಮಗಳೂರಿನಲ್ಲಿ ನಮ್ಮವರದೊಂದು ಸಣ್ಣ ಸ್ಟುಡಿಯೋ ಇತ್ತು. ನಮ್ಮ ಮದುವೆಯಾಗಿ ಬಹಳ ಕಾಲವಾಗಿರಲಿಲ್ಲ. ಪೇಟೆಯ ಜನ ಫೋಟೋ ತೆಗೆಸುವುದನ್ನು ಕಡಿಮೆ ಮಾಡಿದ್ದರು. ಆದರೆ ಮೂಡಿಗೆರೆ ಕಡೆಯ ಎಸ್ಟೇಟುಗಳಲ್ಲಿ ಕಾಫಿ ಕೊಯ್ಲು ಮುಗಿದದ್ದೇ ಮದುವೆ, ನಾಮಕರಣ, ಹೊಸ ಮನೆ ಎಂದು ಫೋಟೋಕ್ಕೆ ಕರೆ ಬರುತ್ತಿತ್ತು. ಬೇಸಿಗೆ ಮುಗಿಯುವವರೆಗೆ ಅಲ್ಲೇ ತಿರುಗಾಡಿಕೊಂಡು ಕೆಲಸ ಮಾಡೋಣ ಎಂದು ನಮ್ಮವರು ನಿರ್ಧರಿಸಿದರು. ನಾನೂ ಹೊರಟೆ. ಆ ಮನೆಗಳ ಹೆಂಗಸರು ಗಂಡಸಿನ ಎದುರು ಕುರ್ಚಿ ಮೇಲೆ ಕೂರಲು ನಾಚುತ್ತಿದ್ದರು. ನಾನು ಹೋಗಿ ಸೆರಗು ಸರಿಮಾಡಿ, ಎರಡು ಮಾತಾಡಿ ಕೂರಿಸಿದರೆ ಮುಖ ಸಡಿಲವಾಗುತ್ತಿತ್ತು.

ನನ್ನ ಅಪ್ಪ ಎತ್ತಿನ ಗಾಡಿ ಹೂಡಿಕೊಂಡು ಸಂತೆಯಿಂದ ಸಂತೆಗೆ ಜವಳಿ ಮಾರಿದವರು. "ನಮ್ಮ ಕಮಾನುಗಾಡಿ ಕೊಡ್ತೀನಿ, ತಿಮ್ಮಣ್ಣನ್ನೂ ಕಳಿಸ್ತೀನಿ, ತಗೊಂಡು ಹೋಗಿ" ಅಂದರು. ತಿಮ್ಮಣ್ಣ ನಮ್ಮಲ್ಲಿ ಬಹಳ ವರ್ಷದಿಂದ ಗಾಡಿ ಹೊಡೆಯುತ್ತಿದ್ದವನು. ನಮ್ಮವರು ಒಪ್ಪಲಿಲ್ಲ. ಮನೆಗೆ ಬಂದ ಮೇಲೆ ನನ್ನ ಹತ್ತಿರ ಹೇಳಿದರು, "ಗಿರಿಜಾ, ಗಾಡಿ ಕೆಳಗೆ ಮಲಗೋನ ಹತ್ರ ಯಾರು ಫೋಟೋ ತೆಗೆಸ್ತಾರೆ? ಒಂದು ಮರ್ಯಾದೆ ಅಂತ ಇರಬೇಕಲ್ಲ. ಎಲ್ಲಿ ಇಳ್ಕೊಂಡಿದ್ದೀರಿ ಅಂತ ಕೇಳಿದ್ರೆ ಹೋಟ್ಲಲ್ಲಿ ಅನ್ನಬೇಕು."

ಹಾಗಾಗಿ ಕ್ಯಾಮೆರಾ, ಮೂರುಕಾಲಿನ ಸ್ಟ್ಯಾಂಡು, ಔಷಧಿ ಸೀಸೆಗಳ ಟ್ರಂಕು ಎಲ್ಲ ಬಸ್ಸಿನ ತಲೆಯ ಮೇಲೆ ಹೋದವು. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಅದು. ಏರು ಬಂದಲ್ಲಿ ಗಂಡಸರೆಲ್ಲ ಇಳಿದು ನಡೆಯಬೇಕಿತ್ತು.

ಹೋಟೆಲನ್ನು ಸುಮ್ಮನೆ ಹಳಿಯಬಾರದು. ಮೂಡಿಗೆರೆಯಲ್ಲಿ ನಾವು ಹಿಡಿದದ್ದು ಒಂದು ಹೋಟೆಲಿನ ಮಹಡಿ ಕೋಣೆ. ಬೆಳಗ್ಗೆ ಎದ್ದರೆ ಕೆಳಗಿಂದ ಕಾಫಿ ಬರುತ್ತಿತ್ತು. ನಾನು ಒಲೆ ಊದದೆ ಕುಡಿದ ಮೊದಲ ಕಾಫಿ ಅದು. ತಾಯಿ ಮನೆಯಲ್ಲೂ ಅತ್ತೆ ಮನೆಯಲ್ಲೂ ಇಲ್ಲದ ಸುಖ ಎಂದು ಮಂಚದ ಮೇಲೆ ಕಾಲು ಚಾಚಿ ಕೂತು ಕುಡಿಯುತ್ತಿದ್ದೆ. ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು. ಆದರೆ ಮಂಚದಲ್ಲಿ ತಿಗಣೆ. ಗೋಡೆಯೆಂದು ಇದ್ದದ್ದು ತೆಳು ಹಲಗೆ. ಆಚೆ ಕೋಣೆಯ ಕಾಫಿ ವ್ಯಾಪಾರಿ ಕೆಮ್ಮಿದರೆ ನಮ್ಮ ಲೋಟ ಅಲುಗುತ್ತಿತ್ತು. ಇನ್ನೊಂದು ಊರಲ್ಲಿ ಪ್ರವಾಸಿ ಬಂಗಲೆ ಸಿಕ್ಕಿತು. ದೊಡ್ಡ ಕಿಟಕಿ, ಬಿಳಿ ಹಾಸು. ನಮ್ಮವರು ಖುಷಿಯಿಂದ ಅಂಗಿ ಗೂಟಕ್ಕೆ ಹಾಕುವಷ್ಟರಲ್ಲಿ ಯಾರೋ ಅಧಿಕಾರಿಗಳ ಕಾರು ಬಂತು. ಕಾವಲುಗಾರ ನಮ್ಮ ಟ್ರಂಕನ್ನು ತಾನೇ ಎತ್ತಿ ವರಾಂಡಕ್ಕೆ ತಂದಿಟ್ಟ. ಮತ್ತೊಂದು ಕಡೆ ಛತ್ರದಲ್ಲಿ ಹೆಸರು ಕೇಳುವ ಮೊದಲೇ "ಯಾವ ಜನ?" ಎಂದು ಕೇಳಿದರು. ಉತ್ತರ ಕೇಳಿ ಬಾವಿಯ ಯಾವ ಪಕ್ಕದಲ್ಲಿ ನೀರು ಸೇದಬೇಕೆಂದು ತೋರಿಸಿದರು.

ಇಷ್ಟೆಲ್ಲ ನಮ್ಮವರು ನಗುತ್ತಲೇ ಸಹಿಸಿದರು. ನಿಜವಾದ ಪೆಟ್ಟು ಬಿದ್ದದ್ದು ಗಂಗಮ್ಮನವರ ಫೋಟೋ ತೆಗೆದ ದಿನ.

ಗಂಗಮ್ಮನವರು ಬಣಕಲ್ ಹತ್ತಿರದ ಕಾಫಿ ತೋಟದ ಮನೆಯ ಹಿರಿಯಾಕೆ. ಗಂಡ ತೀರಿಕೊಂಡಿದ್ದರು, ತೋಟವನ್ನು ಮಗ ರುದ್ರೇಗೌಡರು ನೋಡಿಕೊಳ್ಳುತ್ತಿದ್ದರು. ಒಬ್ಬಳೇ ಮಗಳು ಶಾಂತಾಳನ್ನು ಕಳಸದ ಕಡೆ ಕೊಟ್ಟಿದ್ದರು. ಮದುವೆಯ ದಿನ ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯವರು ಎರಡನೆಯ ಸಲ ಪಾಯಸ ಕೇಳಿದಾಗ ರುದ್ರೇಗೌಡರು, "ಕಳಸದಲ್ಲಿ ಪಾಯಸಾನೇ ಮಾಡಲ್ವೇನೋ" ಅಂದರಂತೆ. ತಮಾಷೆಗೆ ಅಂದದ್ದೋ ಏನೋ. ಮದುಮಗ ಚನ್ನಬಸಪ್ಪ ಎಲೆ ಬಿಟ್ಟು ಎದ್ದರು, ಅವರ ಹಿಂದೆ ಪಂಕ್ತಿಯೇ ಎದ್ದಿತು. ಅಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವುದಿಲ್ಲ. ಶಾಂತಾಳ ಎರಡು ಬಾಣಂತನವೂ ಅತ್ತೆ ಮನೆಯಲ್ಲೇ ಆಯಿತು.

ಇದನ್ನೆಲ್ಲ ಗಂಗಮ್ಮನವರು ನಾನು ಅವರ ಸೆರಗು ಸರಿಮಾಡುತ್ತಿದ್ದಾಗ ಹೇಳಿದ್ದು. "ನನ್ನ ಮುಖ ಅವಳಿಗೆ ಮರೆತೇ ಹೋಗಿರ್ತದೆ ಮಗಾ. ಫೋಟೋನಾದ್ರೂ ಹೋಗ್ಲಿ. ಚೆನ್ನಾಗಿ ಬರ್ತದಾ?"

"ಬರ್ತದೆ ಅವ್ವ, ಸ್ವಲ್ಪ ನಗಿ."

"ಅವಳಿಗೆ ಗೊತ್ತು ನಾನು ನಗೋಳಲ್ಲ ಅಂತ. ನಕ್ಕರೆ ಯಾರೋ ಬೇರೆಯವ್ರು ಅಂತಾಳೆ."

ಹೀಗೆ ನಗದೆ, ಬೆನ್ನು ನೆಟ್ಟಗೆ ಮಾಡಿ ಕೂತ ಗಂಗಮ್ಮನವರ ಫೋಟೋ ತೆಗೆದು, ಆ ಮನೆಯವರ ಗುಂಪು ಚಿತ್ರವನ್ನೂ ತೆಗೆದು, ಮಧ್ಯಾಹ್ನದ ಬಸ್ಸಿಗೆ ಮೂಡಿಗೆರೆಗೆ ಬಂದೆವು. ಯುದ್ಧದಿಂದಾಗಿ ಪ್ಲೇಟುಗಳು ಸಿಗುವುದೇ ಕಷ್ಟ. ಒಂದೊಂದನ್ನೂ ನಮ್ಮವರು ಮೊಟ್ಟೆ ಹಿಡಿದ ಹಾಗೆ ಹಿಡಿಯುತ್ತಿದ್ದರು. ಚಿತ್ರ ಮೂಡುವ ಮೊದಲು ಬೆಳಕು ತಾಗಿದರೆ ಪ್ಲೇಟು ಹಾಳು, ಅದಕ್ಕೇ ಹೋಟೆಲಿನ ಕೋಣೆಯ ಕಿಟಕಿಗೆ ಎರಡು ಕಂಬಳಿ ಕಟ್ಟಿದೆವು. ಬಾಗಿಲಿನ ಚಿಲಕ ಕಿತ್ತುಹೋಗಿದ್ದರಿಂದ ಟ್ರಂಕನ್ನು ಅಡ್ಡ ಇಟ್ಟೆವು. ಕೆಂಪು ದೀಪದ ಬೆಳಕಲ್ಲಿ ನಮ್ಮವರು ಪ್ಲೇಟುಗಳನ್ನು ಒಂದೊಂದೇ ತೆಗೆದು ತಟ್ಟೆಯ ಔಷಧಿನೀರಿಗೆ ಬಿಟ್ಟರು. ಗಂಗಮ್ಮನವರ ಕುರ್ಚಿಯ ಅಂಚು ಕಾಣಿಸಿತು. ಆಮೇಲೆ ಅವರ ಕೈ. ಅಷ್ಟರಲ್ಲಿ ಟ್ರಂಕು ನೆಲಕ್ಕೆ ಉಜ್ಜಿಕೊಂಡು ಸರಿಯಿತು, ಬಾಗಿಲು ಪೂರ್ತಿ ತೆರೆಯಿತು, ಮಧ್ಯಾಹ್ನದ ಬಿಸಿಲು ಒಳಗೆ ಸುರಿಯಿತು. ಹೋಟೆಲಿನ ಯಜಮಾನರು ಯಾರೋ ಹೊಸಬರನ್ನು ಕರೆದುಕೊಂಡು ನಿಂತಿದ್ದರು.

"ನೋಡಿ ಸ್ವಾಮಿ, ಗಾಳಿ ಬೆಳಕು ಚೆನ್ನಾಗಿರೋ ರೂಮು. ಇವರು ನಾಳೆ ಖಾಲಿ ಮಾಡ್ತಾರೆ."

ತಟ್ಟೆಯಲ್ಲಿ ಪ್ಲೇಟುಗಳು ಒಂದೇ ಸಮ ಕಪ್ಪಾಗುತ್ತಾ ಹೋದವು. ನಮ್ಮವರು ಅದನ್ನೇ ನೋಡುತ್ತಾ ನೆಲದ ಮೇಲೆ ಕೂತರು. ಯಜಮಾನರಿಗೆ ಏನಾಯಿತೆಂದೇ ತಿಳಿಯಲಿಲ್ಲ, "ಕತ್ತಲಲ್ಲಿ ಯಾಕೆ ಕೂತಿದ್ರಿ?" ಎಂದು ಕೇಳಿ ಹೋದರು.

ಕಪ್ಪಾದ ಪ್ಲೇಟುಗಳನ್ನು ತಟ್ಟೆಯಿಂದ ಎತ್ತಿಡುತ್ತಾ ನಮ್ಮವರು ಅಂದರು, "ನಿಮ್ಮಪ್ಪನಿಗೆ ಹೇಳಿಕಳಿಸು ಗಿರಿಜಾ. ಗಾಡಿ ಬರ್ಲಿ."

ಗಾಡಿ ಬಂತು. ತಿಮ್ಮಣ್ಣನೂ ನಾನೂ ಸೇರಿ ಅದನ್ನು ಮನೆ ಮಾಡಿದೆವು. ಬಿದಿರಿನ ತಟ್ಟಿಯ ಕಮಾನಿನ ಒಳಗೆ ಕಪ್ಪು ಬಟ್ಟೆಯ ಪರದೆ, ಬೇಕಾದಾಗ ಇಳಿಬಿಟ್ಟರೆ ಒಳಗೆ ಕಗ್ಗತ್ತಲು. ಕೆಳಗೆ ಹುಲ್ಲು, ಅದರ ಮೇಲೆ ಜಮಖಾನ. ಒಂದು ಪಕ್ಕ ಹಲಗೆ ಹೊಡೆದು ಸೀಸೆಗಳಿಗೆ ಜಾಗ, ಇನ್ನೊಂದು ಪಕ್ಕ ಅಕ್ಕಿ, ಉಪ್ಪು, ಮೆಣಸಿನಪುಡಿ. ಹಿಂದೆ ನೀರಿನ ಕೊಡ, ಮೇಲೆ ತೂಗುವ ಲಾಟೀನು. ಮೊದಲ ದಿನ ನಮ್ಮವರು ಯಾರಾದರೂ ಪರಿಚಯದವರು ಎದುರಾದರೆ ಇಳಿದು ಗಾಡಿಗೂ ತಮಗೂ ಸಂಬಂಧವಿಲ್ಲದವರ ಹಾಗೆ ನಡೆಯುತ್ತಿದ್ದರು. ಮೂರನೆಯ ದಿನ ಒಂದು ಹಳ್ಳದ ಪಕ್ಕ ಗಾಡಿ ನಿಲ್ಲಿಸಿ, ಒಳಗೆ ಕೂತು ಪ್ಲೇಟು ಮೂಡಿಸಿ, ಹರಿಯುವ ನೀರಿನಲ್ಲೇ ತೊಳೆದು ಬಿಸಿಲಿಗೆ ಎತ್ತಿ ಹಿಡಿದರು. ಮುಖ ಅರಳಿತು. "ಹೋಟ್ಲಲ್ಲಿ ಬಕೆಟ್ಟಿನ ನೀರಿಗೂ ಬೇಡಬೇಕಿತ್ತು. ಇಲ್ಲಿ ನೋಡೇ, ಹೊಳೆನೇ ನಮ್ಮ ಬಚ್ಚಲು!" ಅಂದರು. ಅಂದಿನಿಂದ ಯಾರು ಎದುರಾದರೂ ಇಳಿಯಲಿಲ್ಲ.

ಗಂಗಮ್ಮನವರಿಗೆ ವಿಷಯ ಹೇಳಲೇಬೇಕಿತ್ತು. ಬಣಕಲ್ಲಿಗೆ ಹೋದೆವು. ಪ್ಲೇಟು ಹಾಳಾಯಿತು, ಇನ್ನೊಂದು ಸಲ ಕೂತುಕೊಳ್ಳಬೇಕು ಎಂದು ನಮ್ಮವರು ತಲೆ ತಗ್ಗಿಸಿ ಹೇಳಿದರು. ಆಕೆ ಸಿಟ್ಟಾಗಲಿಲ್ಲ. ಅಂಗಳದಲ್ಲಿ ನಿಂತಿದ್ದ ಗಾಡಿಯ ಕಡೆಗೇ ಅವರ ಕಣ್ಣು. ನನ್ನ ಭುಜ ಹಿಡಿದು ಹತ್ತಿ ಒಳಗೆ ಕೂತರು. ಪರದೆ ಎಳೆದು ನೋಡಿದರು, ಅಕ್ಕಿಯ ಡಬ್ಬಿ ಮುಚ್ಚಳ ತೆಗೆದು ನೋಡಿದರು, ಕೊನೆಗೆ ಜಮಖಾನದ ಮೇಲೆ ಮಲಗಿಯೇಬಿಟ್ಟರು.

"ಇದ್ರಲ್ಲಿ ಕಳಸದವರೆಗೂ ಹೋಗಬಹುದಾ ಮಗಾ?"

ನಾನು ತಿಮ್ಮಣ್ಣನ ಮುಖ ನೋಡಿದೆ. "ಯಾಕಾಗಲ್ಲ ಅಮ್ಮಾವ್ರೆ, ಘಾಟಿ ಇದೆ, ನಿಧಾನ ಹೋಗಬೇಕು ಅಷ್ಟೆ" ಅಂದ.

ರುದ್ರೇಗೌಡರು ಜಗಲಿಯಿಂದ ಇಳಿದು ಬಂದರು. "ಏನವ್ವ ಇದು? ಬಸ್ಸಲ್ಲಿ ಎರಡು ಮೈಲಿ ಹೋದ್ರೆ ವಾಂತಿ ಮಾಡ್ಕೊಳ್ಳೋಳು ನೀನು. ದಾರೀಲಿ ಛತ್ರದ ನೀರೂ ಕುಡಿಯಲ್ಲ. ಅಲ್ಲಿ ಹೋದ್ರೂ ಕರೀದೆ ಇರೋರ ಮನೇಲಿ ಎಲ್ಲಿ ಇಳ್ಕೊಳ್ತೀಯ?"

"ಯಾರ ಮನೇಲೂ ಇಳ್ಕೊಳಲ್ಲ. ಈ ಗಾಡೀಲೇ ಇರ್ತೀನಿ. ಇದ್ರಲ್ಲಿ ಅಕ್ಕಿ ಇದೆ, ಹಾಸಿಗೆ ಇದೆ. ರಸ್ತೆ ಬದೀಲಿ ನಿಲ್ಲಿಸಿ ಮಗಳನ್ನ ಕಣ್ತುಂಬ ನೋಡಿ ಬರ್ತೀನಿ. ರಸ್ತೆಗೂ ಯಾರಾದ್ರೂ ಕರೀಬೇಕೇನಪ್ಪ?"

ಗಂಗಮ್ಮನವರು ಅವತ್ತೇ ಗಂಟು ಕಟ್ಟಿದರು. ಫೋಟೋ ಕಳಿಸುವ ಬದಲು ಆಕೆಯನ್ನೇ ಕರೆದುಕೊಂಡು ನಾವು ಕಳಸದ ದಾರಿ ಹಿಡಿದೆವು.

ಆ ದಾರಿಯ ದಿನಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ತೋಟಗಳಲ್ಲಿ ಕಾಫಿ ಹೂ ಬಿಡಲು ಮಳೆಗಾಗಿ ಕಾದು ನಿಂತಿದ್ದ ಸಮಯ. ಕೊಟ್ಟಿಗೆಹಾರ ದಾಟಿದ ಮೇಲೆ ಒಂದು ಕಡೆ ಗುಡ್ಡದ ಮೇಲೆ ಬರಿಯ ಹುಲ್ಲು, ಇನ್ನೊಂದು ಕಡೆ ಕಣಿವೆಯಲ್ಲಿ ಕಾಡು. ಗಂಗಮ್ಮನವರು ಬೆಳಗ್ಗೆ ಹಳ್ಳದ ತಣ್ಣೀರಿನಲ್ಲಿ ಕೈಕಾಲು ಮುಖ ತೊಳೆದು, ಗಾಡಿಯ ಮುಂದಿನ ಹಲಗೆಯ ಮೇಲೆ ಕೂತು ಲಿಂಗಪೂಜೆ ಮಾಡುತ್ತಿದ್ದರು. ಅದು ಮುಗಿಯುವವರೆಗೆ ತಿಮ್ಮಣ್ಣ ಎತ್ತು ಹೂಡುತ್ತಿರಲಿಲ್ಲ. ಆಮೇಲೆ ಮೂರು ಕಲ್ಲಿನ ಒಲೆಯ ಮೇಲೆ ಅಕ್ಕಿರೊಟ್ಟಿ. ನಾನು ತಟ್ಟಿದ್ದು ದಪ್ಪವಾಯಿತೆಂದು ಗಂಗಮ್ಮನವರು ತಾವೇ ತಟ್ಟಲು ಕೂರುತ್ತಿದ್ದರು. ರಾತ್ರಿ ನಾವಿಬ್ಬರು ಹೆಂಗಸರು ಒಳಗೆ, ಗಂಡಸರು ಗಾಡಿಯ ಕೆಳಗೆ. ನಮ್ಮವರು ಮರ್ಯಾದೆಯ ಮಾತೆತ್ತಲೇ ಇಲ್ಲ.

ಒಂದು ಸಂಜೆ ದಾರಿಯ ಛತ್ರವೊಂದರ ಎದುರು ಗಾಡಿ ನಿಂತಿತು. ಘಾಟಿ ಏರಿ ಸುಸ್ತಾಗಿದ್ದರಿಂದ ನಾನೇ, "ಇವತ್ತು ಇಲ್ಲೇ ಒಳಗೆ ಮಲಗೋಣ್ವಾ ಅವ್ವ?" ಎಂದು ಕೇಳಿದೆ. ಆಕೆ ಇಳಿದು ಹೋಗಿ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಸಾಲಾಗಿ ಮಲಗಿದ್ದ ಜನ, ಮೂಲೆಯಲ್ಲಿ ಹೊಗೆ. ವಾಪಸ್ಸು ಬಂದು ಗಾಡಿ ಹತ್ತಿದರು. "ಪಾಪ, ಒಳ್ಳೆ ಜಾಗವೇ. ಆದ್ರೆ ಅಲ್ಲಿ ಮಲಗಿದ್ರೆ ಬೆಳಗ್ಗೆ ಎದ್ದು ಯಾರಿಗೆ ಏನು ಹೇಳಬೇಕು ಅಂತ ಯೋಚಿಸ್ಬೇಕು. ಇಲ್ಲಿ ಎದ್ದು ಸುಮ್ನೆ ಕೂರಬಹುದು" ಅಂದರು. ಹೋಟೆಲಿಗೂ ಗಾಡಿಗೂ ಇರುವ ವ್ಯತ್ಯಾಸವನ್ನು ನನಗೆ ಯಾರೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಮರುದಿನ ಕಾಫಿ ಗಿಡಗಳು ಕಾದಿದ್ದ ಹೂಮಳೆ ಬಂತು. ಗುಡುಗುತ್ತಾ ಬಂದು ಆಲಿಕಲ್ಲು ಮಳೆಯಾಗಿ ಸುರಿಯಿತು. ಕಮಾನಿನ ಮೇಲೆ ಕಾಳು ಚೆಲ್ಲಿದ ಹಾಗೆ ಸದ್ದು. ನಾವು ಮೂವರು ಒಳಗೆ ಮುದುಡಿ ಕೂತೆವು. ತಿಮ್ಮಣ್ಣ ಗೋಣಿ ಹೊದ್ದು ಹೊರಗೇ ನಿಂತಿದ್ದ.

"ಒಳಗೆ ಬಾ ತಿಮ್ಮಣ್ಣ" ಎಂದು ಗಂಗಮ್ಮನವರು ಕೂಗಿದರು.

"ಬೇಡ ಬಿಡಿ ಅಮ್ಮಾವ್ರೆ, ನನಗೇನಾಗಲ್ಲ."

"ನಿನಗೆ ಜ್ವರ ಬಂದ್ರೆ ಗಾಡಿ ಹೊಡೆಯೋರು ಈ ಫೋಟೋದವ್ರಾ? ನಮ್ಮನ್ನ ಕಣಿವೆಗೆ ಇಳಿಸ್ತಾರೆ. ಬಾ ಮಾರಾಯ!"

ತಿಮ್ಮಣ್ಣ ಗೋಣಿಯನ್ನು ಎತ್ತುಗಳ ಮೇಲೆ ಹೊದಿಸಿ ಒಳಗೆ ಬಂದು ತುದಿಯಲ್ಲಿ ಕೂತ. ನಾಲ್ವರ ಮೊಣಕಾಲೂ ಒಂದಕ್ಕೊಂದು ತಾಗುತ್ತಿದ್ದವು. ಸೀಸೆಗಳು ಬೀಳದ ಹಾಗೆ ನಮ್ಮವರು ಎರಡು ಕೈಯಲ್ಲೂ ತಬ್ಬಿ ಹಿಡಿದಿದ್ದರು. ತಟ್ಟಿಯ ಸಂದಿಯಿಂದ ನೀರು ಸರಿಯಾಗಿ ಅವರ ಕತ್ತಿನ ಮೇಲೇ ತೊಟ್ಟಿಕ್ಕುತ್ತಿತ್ತು. "ಹೋಟ್ಲಲ್ಲಿ ಈ ಒಂದು ತೊಂದರೆ ಇರಲಿಲ್ಲ" ಅಂದರು. ಅದನ್ನು ಕೇಳಿ ಗಂಗಮ್ಮನವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ನಕ್ಕರೆ ಬೇರೆ ಯಾರೋ ಆಗುತ್ತಾರೆಂಬುದು ನಿಜವೇ ಆಗಿತ್ತು.

ಕಳಸದ ಹತ್ತಿರ ಭದ್ರಾ ಹೊಳೆ ಕಂಡಾಗ ಗಂಗಮ್ಮನವರು ಗಂಟಿನಿಂದ ಹೊಸ ಸೀರೆ ತೆಗೆದು ಉಟ್ಟರು. ಮಗಳ ಮನೆ ರಸ್ತೆಯಿಂದ ಸ್ವಲ್ಪ ಮೇಲಕ್ಕಿತ್ತು. ಅಂಗಳಕ್ಕೆ ಹೋಗಬಾರದು, ಕೆಳಗೆ ರಸ್ತೆಯ ಬದಿಯ ಹಲಸಿನ ಮರದ ಬುಡದಲ್ಲೇ ನಿಲ್ಲಿಸಬೇಕು ಎಂದು ತಿಮ್ಮಣ್ಣನಿಗೆ ಹೇಳಿದರು. ನಾನು ಮೇಲೆ ಹೋಗಿ ಶಾಂತಾಳನ್ನು ಕಂಡು ಹೇಳಿದೆ. ಕಂಕುಳಲ್ಲಿ ಮಗು, ಕೈಯಲ್ಲಿ ಸೌಟು. ಸೌಟು ಹಿಡಿದುಕೊಂಡೇ ಇಳಿಜಾರಿನಲ್ಲಿ ಓಡಿದಳು. ಗಾಡಿಯೊಳಗೆ ತಾಯಿ ಮಗಳು ಎಷ್ಟು ಹೊತ್ತು ಇದ್ದರೋ, ನಾವು ಮೂವರೂ ರಸ್ತೆಯ ಆಚೆ ಹೋಗಿ ಎತ್ತುಗಳ ಮೈ ತಿಕ್ಕುತ್ತಾ ನಿಂತೆವು. ಆಮೇಲೆ ಶಾಂತಾಳ ಮಾತು ಕೇಳಿಸಿತು.

"ಮನೆಗೆ ಬಾ ಅಂತ ನಾನು ಹೇಗೆ ಕರೀಲಿ ಅವ್ವ? ಅವರು ತೋಟದಿಂದ ಬರ್ಲಿ, ಕೇಳ್ತೀನಿ."

"ನೀನು ಕೇಳಬೇಡ. ನನಗೆ ಇಲ್ಲಿ ಏನು ಕಡಿಮೆ ಆಗಿದೆ? ಮೇಲೆ ಹೋಗಿ ನಿನ್ನ ಕೆಲಸ ನೋಡು. ದುಡ್ಡು ಕೊಡ್ತೀನಿ, ಬೇರೆ ಯಾರ ಹತ್ರಾನಾದ್ರೂ ಸ್ವಲ್ಪ ಹಾಲು ಮಾತ್ರ ಕೊಂಡು ಕಳಿಸು."

ಗಂಗಮ್ಮನವರು ಒಲೆ ಹೂಡಿದರು. ತಿಮ್ಮಣ್ಣ ಅದೇ ಮರದಿಂದ ಎಳೆ ಹಲಸಿನಕಾಯಿ ಇಳಿಸಲು ಹೋದಾಗ, "ಅದು ಅವರ ಮರ, ಮುಟ್ಟಬೇಡ" ಎಂದು ತಡೆದು, ನಾವು ದಾರಿಯಲ್ಲಿ ತಂದಿದ್ದ ಕಾಯಿಯನ್ನೇ ಹೆಚ್ಚಿದರು. ಪಲ್ಯ, ಅನ್ನ, ಸಾರು. ಇನ್ನೊಂದು ಪಾತ್ರೆಯಲ್ಲಿ ಕಡಲೆಬೇಳೆ, ಬೆಲ್ಲ, ಹಾಲು. ಏನು ಮಾಡುತ್ತಿದ್ದಾರೆಂದು ನನಗೆ ಆಗ ಹೊಳೆಯಿತು.

ಬಿಸಿಲೇರಿದಾಗ ಚನ್ನಬಸಪ್ಪನವರು ತೋಟದಿಂದ ಬಂದರು. ಎತ್ತರದ ಆಳು, ತಲೆಗೆ ರುಮಾಲು. ರಸ್ತೆಯಲ್ಲಿ ಗಾಡಿ ನೋಡಿ ನಿಂತರು. ಅತ್ತೆಯನ್ನು ಕಂಡು ಮುಖ ಗಟ್ಟಿಯಾಯಿತು.

ಗಂಗಮ್ಮನವರು ಏಳದೆ ಒಲೆಯ ಮುಂದಿನಿಂದಲೇ ಮಾತಾಡಿದರು. "ಊಟದ ಹೊತ್ತಿಗೆ ಬಂದ್ರಿ. ಇವತ್ತು ನಾನು ನಿಮ್ಮ ಮನೆಗೆ ಬಂದಿಲ್ಲ, ನೀವೇ ನನ್ನ ಮನೆ ಬಾಗಿಲಿಗೆ ಬಂದಿದ್ದೀರಿ. ಹಾಗೇ ಕಳಿಸೋಕಾಗಲ್ಲ. ಕೂತ್ಕೊಳಿ."

ಚನ್ನಬಸಪ್ಪನವರು ಗಾಡಿಯನ್ನು ನೋಡಿದರು. ನಮ್ಮವರನ್ನು ನೋಡಿದರು. ನಮ್ಮವರಿಗೆ ಏನು ತೋಚಿತೋ, ಕೊಡದಿಂದ ತಂಬಿಗೆಯಲ್ಲಿ ನೀರು ಬಗ್ಗಿಸಿ ಕೈ ತೊಳೆಯಲು ಮುಂದೆ ಹಿಡಿದರು. ಅಳಿಯ ಕೈ ತೊಳೆದು ಮರದ ನೆರಳಿನಲ್ಲಿ ಹಾಸಿದ್ದ ಚಾಪೆಯ ಮೇಲೆ ಕೂತರು. ನಾನು ಎಲೆ ಹಾಕಿದೆ, ಗಂಗಮ್ಮನವರು ಬಡಿಸಿದರು. ಅನ್ನ, ಪಲ್ಯ, ಸಾರು. ಕೊನೆಗೆ ಪಾಯಸ ಹಾಕಿದರು. ಅಳಿಯ ತಲೆ ಎತ್ತದೆ ಉಂಡರು. ಎಲೆ ಖಾಲಿಯಾದದ್ದೇ, ಅವರು ಕೇಳುವ ಮೊದಲೇ ಆಕೆ ಇನ್ನೊಂದು ಸೌಟು ಹಾಕಿದರು. ಅದೂ ಮುಗಿಯಿತು. ಮತ್ತೊಂದು ಸೌಟು ಎತ್ತಿದಾಗ ಚನ್ನಬಸಪ್ಪನವರು ಎಲೆಗೆ ಕೈ ಅಡ್ಡ ಹಿಡಿದರು.

"ಸಾಕು ಅತ್ತೆ. ಹೊಟ್ಟೆ ತುಂಬ್ತು."

ಅತ್ತೆ ಎಂಬ ಆ ಮಾತು ಕೇಳಿ ಗಂಗಮ್ಮನವರು ಸೌಟನ್ನು ಪಾತ್ರೆಗೆ ಇಳಿಸಿದರು. "ಹಾಗಾದ್ರೆ ಸರಿ" ಎಂದಷ್ಟೇ ಹೇಳಿದರು.

ಚನ್ನಬಸಪ್ಪನವರು ಕೈ ತೊಳೆದು ಬಂದು ಎತ್ತಿನ ಪಕ್ಕ ನಿಂತರು. "ಎಳೆಯೋ ಎತ್ತು ಬಿಸಿಲಲ್ಲಿ ನಿಂತಿದೆ. ಗಾಡೀನ ಮೇಲಕ್ಕೆ, ಅಂಗಳಕ್ಕೆ ಹೊಡ್ಕೊಂಡು ಬಾ" ಎಂದು ತಿಮ್ಮಣ್ಣನಿಗೆ ಹೇಳುವವರ ಹಾಗೆ ಹೇಳಿದರು. ಆಮೇಲೆ ಅತ್ತೆಯ ಕಡೆ ತಿರುಗಿ, "ರಾತ್ರಿ ಊಟ ನಮ್ಮಲ್ಲಿ. ಮಕ್ಕಳು ನಿಮ್ಮನ್ನ ನೋಡೇ ಇಲ್ಲ" ಅಂದರು.

ಮರುದಿನ ಬೆಳಗ್ಗೆ ಆ ಮನೆಯ ಅಂಗಳದಲ್ಲಿ ಫೋಟೋ ತೆಗೆದೆವು. ಗಂಗಮ್ಮನವರು, ಮಗಳು, ಅಳಿಯ, ಎರಡು ಮಕ್ಕಳು. ಸಣ್ಣದು ಅಲುಗಾಡಿ ಮುಖ ಮಸುಕಾಯಿತು, ಉಳಿದವರೆಲ್ಲ ಚೆನ್ನಾಗಿ ಬಂದರು. ಪ್ಲೇಟನ್ನು ಗಾಡಿಯೊಳಗೆ ಮೂಡಿಸಿ, ಹೊಳೆಗೆ ಇಳಿದು ತೊಳೆದೆವು. ಗಂಗಮ್ಮನವರು ಅಲ್ಲೇ ಉಳಿದರು, ಮಗಳು ಬಿಡಲಿಲ್ಲ. ನಾವು ಹೊರನಾಡಿಗೆ ಹೋಗಿ ದೇವಿಗೆ ಕೈಮುಗಿದು, ಬರುವ ದಾರಿಯಲ್ಲಿ ಎಸ್ಟೇಟುಗಳಲ್ಲಿ ಕೆಲಸ ಮಾಡುತ್ತಾ, ಅರಳಿ ನಿಂತ ಕಾಫಿ ಹೂವಿನ ನಡುವೆ ನಿಧಾನವಾಗಿ ಹಿಂತಿರುಗಿದೆವು. ನಮ್ಮ ಸಂಸಾರ ನಿಜವಾಗಿ ಶುರುವಾದದ್ದು ಆ ದಾರಿಯಲ್ಲೇ ಎಂದು ನನಗೆ ಅನಿಸುತ್ತದೆ.

ಬಣಕಲ್ ತಲುಪಿದಾಗ ರುದ್ರೇಗೌಡರು ಅಂಗಳದಲ್ಲೇ ಇದ್ದರು. ಗಾಡಿಯ ಒಳಗೆ ಬಗ್ಗಿ ನೋಡಿ, ತಾಯಿ ಇಲ್ಲದ್ದು ಕಂಡು ಗಾಬರಿಯಾದರು. ನಮ್ಮವರು ಎಲ್ಲವನ್ನೂ ಹೇಳಿದರು. ಅಳಿಯ ಚಾಪೆಯ ಮೇಲೆ ಕೂತದ್ದು, ಎರಡು ಸಲ ಪಾಯಸ ಉಂಡದ್ದು, ಗಾಡಿಯನ್ನು ಅಂಗಳಕ್ಕೆ ಕರೆದದ್ದು. ಮಳೆಗಾಲಕ್ಕೆ ಮೊದಲು ಯಾರಾದರೂ ಬಂದು ಕರೆದುಕೊಂಡು ಹೋಗಲಿ ಎಂದು ಗಂಗಮ್ಮನವರು ಹೇಳಿಕಳಿಸಿದ್ದನ್ನೂ ಹೇಳಿದರು. ಗೌಡರು ಪೂರ್ತಿ ಕೇಳಿದರು. ಆಮೇಲೆ ನಮ್ಮವರ ಮುಖ ನೋಡದೆ ಕೇಳಿದರು.

"ಬಸ್ಸಲ್ಲಿ ಹೋದ್ರೆ ಇಳಿದ ತಕ್ಷಣ ಅವರ ಬಾಗಿಲಿಗೇ ಹೋಗಿ ನಿಲ್ಲಬೇಕು. ನನಗೆ ಧೈರ್ಯ ಸಾಲಲ್ಲ. ನಿಮ್ಮ ಗಾಡೀಲಿ ನನಗೊಂದು ಜಾಗ ಆಗುತ್ತಾ?"

ನಮ್ಮವರು ದಾರಿಯುದ್ದಕ್ಕೂ ಮೂಡಿಗೆರೆಯ ಹೋಟೆಲಿನ ಬಿಸಿನೀರು, ಮಸಾಲೆ ದೋಸೆ ಎಂದು ಜಪಿಸುತ್ತಾ ಬಂದವರು. ನನ್ನ ಕಡೆ ನೋಡಿದರು. ನಾನು ನಕ್ಕೆ.

"ಎತ್ತು ಎರಡು ದಿನ ಸುಧಾರಿಸ್ಕೊಳ್ಲಿ ಗೌಡ್ರೆ" ಅಂದರು ನಮ್ಮವರು. "ಅಷ್ಟರಲ್ಲಿ ನೀವು ಒಳ್ಳೆ ಬೆಲ್ಲ, ಕಡಲೆಬೇಳೆ ತರಿಸಿಡಿ. ಈ ಸಲ ಬಡಿಸೋರು ನೀವು."